ಹೆನ್ರಿ ಲೂಯಿಸ್ ಗೇಟ್ಸ್ ಅವರ ವಂಶದ ಬೇರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಪ್ಪು ಜನರ ವಂಶಾವಳಿ ಹುಡುಕುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಗೇಟ್ಸ್ ಮನೆತನವನ್ನೇ ಉದಾಹರಣೆ ಕೊಡುತ್ತೇನೆ. ಜನಗಣತಿ, ಉಯಿಲು, ಪಿಂಚಣಿ ಕಡತ, ಮನೆಯವರ ಮಾತು, ಡಿಎನ್ಎ, ಎಲ್ಲವೂ ಈ ಒಂದೇ ಕುಟುಂಬದ ಕಥೆಯಲ್ಲಿ ಬರುತ್ತವೆ. ಒಂದು ಇನ್ನೊಂದನ್ನು ಸುಳ್ಳು ಮಾಡಿದ ಜಾಗಗಳೂ ಇವೆ. ಪತ್ರಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಪರಿಚಯ

ಯಾರು ಈ ಗೇಟ್ಸ್? ಬಿಲ್ ಗೇಟ್ಸ್ ಕಡೆಯವರಾ?

ಅಲ್ಲ, ಆ ಗೇಟ್ಸ್ ಬೇರೆ. ಇವರು ಹೆನ್ರಿ ಲೂಯಿಸ್ ಗೇಟ್ಸ್ ಜೂನಿಯರ್. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್, ಸಾಹಿತ್ಯ ವಿಮರ್ಶಕ. 1950ರ ಸೆಪ್ಟೆಂಬರ್ 16ರಂದು ವೆಸ್ಟ್ ವರ್ಜಿನಿಯಾದ ಕೀಸರ್‌ನಲ್ಲಿ ಹುಟ್ಟಿದರು. ಬೆಳೆದದ್ದು ಪಕ್ಕದ ಪೀಡ್‌ಮಾಂಟ್‌ನಲ್ಲಿ. ಅದು ಪೊಟೋಮ್ಯಾಕ್ ನದಿ ದಡದ ಕಾಗದದ ಕಾರ್ಖಾನೆಯ ಊರು. ತಂದೆ ಆ ಕಾರ್ಖಾನೆಯಲ್ಲೇ ದುಡಿದು, ಸಂಜೆ ಇನ್ನೊಂದು ಕಡೆ ಕಸ ಗುಡಿಸುವ ಕೆಲಸವನ್ನೂ ಮಾಡುತ್ತಿದ್ದರು. ಮಗ ಯೇಲ್‌ನಲ್ಲಿ ಇತಿಹಾಸ ಓದಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದರು.

ಜಾಸ್ತಿ ಜನಕ್ಕೆ ಅವರು ಗೊತ್ತಿರುವುದು ಟಿವಿಯಿಂದ. 2006ರಲ್ಲಿ ಕಪ್ಪು ಅಮೆರಿಕನ್ನರ ಪೂರ್ವಜರನ್ನು ಹುಡುಕುವ ಸರಣಿಯೊಂದನ್ನು ಪಿಬಿಎಸ್ ವಾಹಿನಿಗೆ ಮಾಡಿದರು. 2012ರಿಂದ ಅದೇ ವಾಹಿನಿಯಲ್ಲಿ ‘ಫೈಂಡಿಂಗ್ ಯುವರ್ ರೂಟ್ಸ್’ ನಡೆಸುತ್ತಿದ್ದಾರೆ. ಅತಿಥಿಯ ಮುಂದೆ ದಪ್ಪ ಪುಸ್ತಕ ಇಟ್ಟು ‘ಪುಟ ತಿರುಗಿಸಿ’ ಅನ್ನುವ, ಕೋಲು ಹಿಡಿದು ನಡೆಯುವ ಆ ಮನುಷ್ಯ ಇವರೇ.

ಅವರಿಗೆ ಈ ಹುಚ್ಚು ಹಿಡಿದದ್ದು ಯಾವಾಗ?

1960ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ. ತಂದೆಯ ತಂದೆ ಎಡ್ವರ್ಡ್ ಗೇಟ್ಸ್ ತೀರಿಕೊಂಡರು. ಮೈಬಣ್ಣ ಎಷ್ಟು ಬೆಳ್ಳಗೆ ಅಂದರೆ, ಆ ಅಜ್ಜನನ್ನು ಬಿಳಿಯರು ಅಂತಲೇ ಅಂದುಕೊಳ್ಳಬಹುದಿತ್ತು. ಮಣ್ಣು ಮಾಡಿ ಬಂದ ಮೇಲೆ ತಂದೆ ಮಕ್ಕಳಿಗೆ ಅಜ್ಜ ಪೇಪರ್ ತುಣುಕು ಅಂಟಿಸಿಟ್ಟಿದ್ದ ಹಳೆಯ ಪುಸ್ತಕ ತೋರಿಸಿದರು. ಅದರಲ್ಲಿ 1888ರ ಜನವರಿಯ ಒಂದು ಮರಣವಾರ್ತೆ ಇತ್ತು. ಜೇನ್ ಗೇಟ್ಸ್ ಎಂಬ ಮರ್ಯಾದಸ್ಥ ಕಪ್ಪು ಹೆಂಗಸು ಕಂಬರ್ಲೆಂಡ್‌ನಲ್ಲಿ ತೀರಿಕೊಂಡ ಸುದ್ದಿ. ಅದಾದ ಮೇಲೆ ಹುಡುಗ ಒಂದು ನೋಟ್‌ಬುಕ್ ಹಿಡಿದು ಅಪ್ಪ ಅಮ್ಮನಿಗೆ ‘ನಿಮ್ಮ ಅಜ್ಜಿ ಯಾರು, ಅವರಜ್ಜಿ ಯಾರು’ ಅಂತ ಪ್ರಶ್ನೆ ಕೇಳಿ ಬರೆದುಕೊಂಡ.

ಹುಡುಕುವವರಿಗೆ ಇದರಲ್ಲಿ ಒಂದು ಪಾಠವಿದೆ. ಮೊದಲ ದಾಖಲೆ ಸಿಕ್ಕಿದ್ದು ಯಾವ ಸರ್ಕಾರಿ ಕಚೇರಿಯಲ್ಲೂ ಅಲ್ಲ, ಮನೆಯೊಳಗೆ. ಅಟ್ಟದ ಮೇಲಿನ ಪೆಟ್ಟಿಗೆ ತೆಗೆಯುವ ಮೊದಲೇ ಡಿಎನ್ಎ ಕಿಟ್ ತರಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಈ ಜೇನ್ ಗೇಟ್ಸ್ ಪ್ರೊಫೆಸರ್‌ಗೆ ಏನಾಗಬೇಕು?

ಮುತ್ತಾತನ ತಾಯಿ. ಮೇರಿಲೆಂಡ್‌ನ ಕಂಬರ್ಲೆಂಡ್ ಭಾಗದಲ್ಲಿ ಗುಲಾಮಳಾಗಿ ಬದುಕಿದವರು, ಸೂಲಗಿತ್ತಿ. ಜೇನ್, ಆಕೆಯ ಮಗ ಎಡ್ವರ್ಡ್, ಅವರ ಮಗ ಇನ್ನೊಬ್ಬ ಎಡ್ವರ್ಡ್ (1960ರಲ್ಲಿ ತೀರಿಕೊಂಡ ಅಜ್ಜ), ಅವರ ಮಗ ಹೆನ್ರಿ ಸೀನಿಯರ್, ಆಮೇಲೆ ನಮ್ಮ ಪ್ರೊಫೆಸರ್.

1870ರ ಜನಗಣತಿಯಲ್ಲಿ ಆಕೆ ಬಟ್ಟೆ ಒಗೆಯುವ, ರೋಗಿಗಳ ಆರೈಕೆ ಮಾಡುವ ಕೆಲಸದವರು ಅಂತ ಇದೆ. ಅದರ ಪಕ್ಕದಲ್ಲೇ ಆಸ್ತಿಯ ಬೆಲೆ 1,400 ಡಾಲರ್ ಅಂತಲೂ ಇದೆ! ಗುಲಾಮಗಿರಿ ಮುಗಿದು ಆರು ವರ್ಷವೂ ಆಗಿರಲಿಲ್ಲ. ಬಟ್ಟೆ ಒಗೆದು ಅಷ್ಟು ದುಡ್ಡು ಕೂಡಿಸಿದರಾ, ಯಾರಾದರೂ ಕೊಟ್ಟರಾ? ಜನಗಣತಿ ಅದನ್ನೆಲ್ಲ ಕೇಳುವುದಿಲ್ಲ. ನನ್ನನ್ನು ಕೇಳಿದರೆ ಇಡೀ ವಂಶಾವಳಿಯಲ್ಲಿ ಅತಿ ಕುತೂಹಲದ ಸಾಲು ಅದೇ. ಆ ಶತಮಾನದಲ್ಲಿ ಅಮೆರಿಕದ ಜನಗಣತಿ ಮನೆ ಜಮೀನಿನ ಬೆಲೆಯನ್ನು ಡಾಲರ್‌ನಲ್ಲಿ ಕೇಳಿದ್ದು 1850, 1860, 1870ರಲ್ಲಿ. 1880ಕ್ಕೆ ಆ ಕಾಲಮ್ಮೇ ಹೋಯಿತು. ಹತ್ತು ವರ್ಷ ತಡವಾಗಿದ್ದರೆ ಈ ವಿಷಯ ಅಲ್ಲಿ ದಾಖಲಾಗುತ್ತಲೇ ಇರಲಿಲ್ಲ.

## ಕಾಗದಪತ್ರ ಹುಡುಕುವುದು

ಇಷ್ಟು ದೊಡ್ಡ ಕಥೆ ಇದ್ದ ಮೇಲೆ ನೇರವಾಗಿ ಜೇನ್‌ನಿಂದಲೇ ಶುರು ಮಾಡಬಹುದಲ್ವಾ?

ಬೇಡ. ಹತ್ತಿರದವರಿಂದ ಹಿಂದಕ್ಕೆ ಹೋಗಿ. ಪ್ರತಿ ತಲೆಮಾರಿಗೂ ‘ಇವರು ಇವರ ಮಗ’ ಅಂತ ಹೇಳುವ ಒಂದು ಕಾಗದವಾದರೂ ಕೈಗೆ ಬಂದ ಮೇಲೆ ಮುಂದಿನ ಹೆಜ್ಜೆ. ವೆಸ್ಟ್ ವರ್ಜಿನಿಯಾದ ಒಂದು ದೊಡ್ಡ ಅನುಕೂಲ ಅಂದರೆ, ಅಲ್ಲಿನ ರಾಜ್ಯ ಪತ್ರಾಗಾರ ಹಳೆಯ ಜನನ, ಮದುವೆ, ಮರಣ ದಾಖಲೆಗಳ ಚಿತ್ರಗಳನ್ನು ಇಂಟರ್ನೆಟ್‌ನಲ್ಲಿ ಪುಕ್ಕಟೆ ಇಟ್ಟಿದೆ. ಮರಣ ದಾಖಲೆಯಲ್ಲಿ ಸಾಮಾನ್ಯವಾಗಿ ಸತ್ತವರ ತಂದೆ ತಾಯಿಯ ಹೆಸರೂ ಇರುತ್ತದೆ. ಒಂದೇ ಏಟಿಗೆ ಒಂದು ತಲೆಮಾರು ಹಿಂದೆ ಹೋಗಬಹುದು.

ಒಂದು ತಮಾಷೆ ಗಮನಿಸಿ. 1950ರ ಜನಗಣತಿಯಲ್ಲಿ ಪ್ರೊಫೆಸರನ್ನು ಹುಡುಕಿ ಸುಸ್ತಾಗಬೇಡಿ. ಅದರ ಲೆಕ್ಕ ಏಪ್ರಿಲ್ 1ಕ್ಕೆ, ಇವರು ಹುಟ್ಟಿದ್ದು ಸೆಪ್ಟೆಂಬರಿನಲ್ಲಿ.

ಜನಗಣತಿಯ ಹೊಸ ಪುಟಗಳು ಯಾಕೆ ಸಿಗಲ್ಲ?

ಹೆಸರಿರುವ ಪುಟಗಳನ್ನು 72 ವರ್ಷ ಗುಟ್ಟಾಗಿ ಇಡಬೇಕೆಂಬ ನಿಯಮವಿದೆ. 1940ರದು 2012ರಲ್ಲಿ ಬಂತು, 1950ರದು 2022ರ ಏಪ್ರಿಲ್ 1ಕ್ಕೆ. 1960ರದು 2032ಕ್ಕೆ. 1965ರ ವಲಸೆ ಕಾನೂನಿನ ನಂತರ ಅಲ್ಲಿಗೆ ಹೋದ ಕನ್ನಡಿಗ ಡಾಕ್ಟರು, ಎಂಜಿನಿಯರುಗಳನ್ನು ನೋಡಬೇಕಾದರೆ 1970ರ ಪುಟಗಳು ತೆರೆಯುವ 2042ರವರೆಗೆ ಕಾಯಬೇಕು. ಅವರ ಮೊಮ್ಮಕ್ಕಳು ನೋಡುತ್ತಾರೆ ಬಿಡಿ.

1890ರ ಪುಟಗಳು ಎಲ್ಲೂ ಇಲ್ಲ. ನಾನು ತಪ್ಪು ಜಾಗದಲ್ಲಿ ಹುಡುಕ್ತಿದೀನಾ?

ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು 1890ರ ಪುಟಗಳ ಬಹುಪಾಲು ಹಾಳಾಯಿತು. ಈ ಇಪ್ಪತ್ತು ವರ್ಷದ ತೂತನ್ನು ಊರಿನ ಡೈರೆಕ್ಟರಿ, ತೆರಿಗೆ ಪಟ್ಟಿ, ಚರ್ಚಿನ ಪುಸ್ತಕ, ಪತ್ರಿಕೆಗಳಿಂದ ತುಂಬಿಸಿಕೊಳ್ಳಬೇಕು. 1880ರಲ್ಲಿ ತೊಟ್ಟಿಲಲ್ಲಿದ್ದ ಮಗು 1900ರಲ್ಲಿ ಬೇರೆ ಊರಿನಲ್ಲಿ ಸಂಸಾರಸ್ಥನಾಗಿ ಕಾಣಿಸಿಕೊಳ್ಳುತ್ತಾನೆ. ಇಬ್ಬರೂ ಒಬ್ಬನೇ ಅಂತ ನೀವೇ ಸಾಧಿಸಬೇಕು.

ಎಲ್ಲರೂ 1870ರ ಗೋಡೆ ಅಂತಾರಲ್ಲ, ಏನದು?

1850ರಿಂದ ಜನಗಣತಿಯಲ್ಲಿ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರೂ ಬರೆಯುತ್ತಿದ್ದರು. ಅದಕ್ಕೂ ಹಿಂದೆ ಮನೆ ಯಜಮಾನನ ಹೆಸರು ಮಾತ್ರ. ಗುಲಾಮರಿಗೆ 1850 ಮತ್ತು 1860ರಲ್ಲಿ ಬೇರೆಯೇ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರು ಇರುತ್ತದೆ. ಅದರ ಕೆಳಗೆ ಬರೀ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಕಪ್ಪೋ ಮಿಶ್ರವೋ. ಹೆಸರಿಲ್ಲ. ಹಾಗಾಗಿ ಗುಲಾಮರಾಗಿದ್ದ ಬಹುತೇಕ ಜನ ಜನಗಣತಿಯಲ್ಲಿ ಹೆಸರು ಸಮೇತ ಮೊದಲು ಕಾಣುವುದು 1870ರಲ್ಲಿ. ಅಲ್ಲಿಂದ ಹಿಂದಕ್ಕೆ ಹೋಗುವವರು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ.

ಈ ಗೋಡೆ ಕಟ್ಟಿದ್ದು ಕಾನೂನು. ಹೆಸರು ಕಳೆದುಹೋದದ್ದಲ್ಲ, ಬರೆಯಲೇ ಇಲ್ಲ.

ಹೆಸರೇ ಇಲ್ಲದ ಪಟ್ಟಿ ಇಟ್ಕೊಂಡು ಏನ್ ಮಾಡೋದು?

ಒಡೆಯನನ್ನು ಹಿಡಿಯಬೇಕು. ಗುಲಾಮರನ್ನು ಆಸ್ತಿ ಅಂತ ಎಣಿಸಿದ್ದರಿಂದ ಅವರ ಸುಳಿವು ಇರುವುದು ಆಸ್ತಿಯ ಕಾಗದಗಳಲ್ಲಿ: ಉಯಿಲು, ಪಾಲು ಪತ್ರ, ಸತ್ತವರ ಮನೆಯ ಸಾಮಾನು ಪಟ್ಟಿ, ಸಾಲಕ್ಕೆ ಅಡವಿಟ್ಟ ಪತ್ರ, ತೆರಿಗೆ ಪುಸ್ತಕ. ಕುದುರೆ, ನೇಗಿಲು, ತಟ್ಟೆಗಳ ನಡುವೆ ಒಂದು ಹೆಸರು, ಅದರ ಮುಂದೆ ಬೆಲೆ. ಓದಲು ಹೊಟ್ಟೆ ಕಲಕುತ್ತದೆ. ಆದರೆ ಸಿಗುವುದು ಅಲ್ಲೇ.

ಕ್ರಮ ಹೀಗೆ. 1870ರಲ್ಲಿ ನಿಮ್ಮವರ ವಯಸ್ಸು ಎಷ್ಟು ಅಂತ ನೋಡಿ. ಅದರಿಂದ ಇಪ್ಪತ್ತು ಕಳೆದು 1850ರ ಪಟ್ಟಿಯಲ್ಲಿ, ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು), ಆ ವಯಸ್ಸಿನ ಹೆಂಗಸು ಅಥವಾ ಗಂಡಸು ಯಾವ ಯಾವ ಒಡೆಯರ ಬಳಿ ಇದ್ದರು ಅಂತ ಗುರುತು ಮಾಡಿ. ವಯಸ್ಸು ಅಂದಾಜಿನದು, ಎರಡು ಮೂರು ವರ್ಷ ಹಿಂದೆ ಮುಂದೆ ಬಿಡಿ. ಮಕ್ಕಳ ವಯಸ್ಸೂ ಹೊಂದಿದರೆ ಆ ಒಡೆಯನ ಕಾಗದ ತೆಗೆಯಿರಿ. ಕಪ್ಪು ತಾಯಿಯ ಜೊತೆ ಮಿಶ್ರ ಬಣ್ಣ ಅಂತ ಬರೆದ ಮಕ್ಕಳಿದ್ದರೆ ಅದೂ ಒಂದು ಸುಳಿವು.

1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲಿನ ಎರಡು ಕಡತಗಳನ್ನು ಮರೆಯಬೇಡಿ. ಬಿಡುಗಡೆಯಾದವರಿಗಾಗಿ 1865ರಿಂದ 1872ರವರೆಗೆ ನಡೆದ ಫ್ರೀಡ್‌ಮೆನ್ಸ್ ಬ್ಯೂರೋ ಒಂದು, 1865ರಿಂದ 1874ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯಾಂಕ್ ಇನ್ನೊಂದು. ಬ್ಯಾಂಕಿನ ಖಾತೆ ಫಾರಂನಲ್ಲಿ ತಂದೆ, ತಾಯಿ, ಅಣ್ಣತಮ್ಮಂದಿರ ಹೆಸರು ಕೇಳುತ್ತಿದ್ದರು. ಬೇರೆ ಊರಿಗೆ ಮಾರಿಹೋದ ತಂಗಿಯ ಹೆಸರೂ ಕೆಲವು ಫಾರಂಗಳಲ್ಲಿ ಸಿಗುತ್ತದೆ.

ಲಿಂಕನ್ 1863ರಲ್ಲಿ ಎಲ್ಲರನ್ನೂ ಬಿಡುಗಡೆ ಮಾಡಿದ ಮೇಲೆ ಜೇನ್ ಕೂಡ ಆಗಲೇ ಬಿಡುಗಡೆ ಆದರು, ಸರಿ ತಾನೆ?

ಅದರಿಂದ ಅಲ್ಲ. ಲಿಂಕನ್ ಘೋಷಣೆ ಬಂಡೆದ್ದ ರಾಜ್ಯಗಳ ಪ್ರದೇಶಕ್ಕೆ ಮಾತ್ರ ಅನ್ವಯಿಸಿತು. ಮೇರಿಲೆಂಡ್ ಒಕ್ಕೂಟದಲ್ಲೇ ಉಳಿದಿತ್ತು, ಹಾಗಾಗಿ ಅಲ್ಲಿ ಗುಲಾಮಗಿರಿ ಮುಂದುವರಿಯಿತು. ಆ ರಾಜ್ಯ ತನ್ನ ಹೊಸ ಸಂವಿಧಾನದ ಮೂಲಕ ಅದನ್ನು ರದ್ದು ಮಾಡಿದ್ದು 1864ರ ನವೆಂಬರ್ 1ರಂದು. ರಾಜ್ಯದ ಗೆರೆ ದಾಟಿದರೆ ತಾರೀಕೇ ಬದಲು. ವಂಶಾವಳಿ ಬರೆಯುವಾಗ ‘1863ರಲ್ಲಿ ಬಿಡುಗಡೆ’ ಅಂತ ಸುಮ್ನೆ ತುಂಬಿಸಬೇಡಿ.

ವೆಸ್ಟ್ ವರ್ಜಿನಿಯಾದ ಕಚೇರಿಯಲ್ಲಿ 1800ರ ಸುಮಾರಿನ ಕಾಗದ ಕೇಳಿದರೆ ರಿಚ್‌ಮಂಡ್‌ಗೆ ಹೋಗಿ ಅಂತಾರೆ. ಯಾಕೆ?

1863ರ ಜೂನ್ 20ರವರೆಗೆ ವೆಸ್ಟ್ ವರ್ಜಿನಿಯಾ ಎಂಬ ರಾಜ್ಯವೇ ಇರಲಿಲ್ಲ, ಎಲ್ಲ ವರ್ಜಿನಿಯಾ. ರಾಜ್ಯ ಮಟ್ಟದ ಹಳೆಯ ಕಡತ ರಿಚ್‌ಮಂಡ್‌ನ ಲೈಬ್ರರಿ ಆಫ್ ವರ್ಜಿನಿಯಾದಲ್ಲಿವೆ. ಉಯಿಲು, ಜಮೀನು ಪತ್ರಗಳು ಆಯಾ ಕೌಂಟಿ ನ್ಯಾಯಾಲಯದಲ್ಲಿ. ಕೌಂಟಿಗಳೂ ಒಡೆಯುತ್ತಾ ಹೋದವು: ಹ್ಯಾಂಪ್‌ಶೈರ್‌ನಿಂದ 1786ರಲ್ಲಿ ಹಾರ್ಡಿ, 1866ರಲ್ಲಿ ಮಿನರಲ್. ಗೇಟ್ಸ್ ಹುಟ್ಟಿದ ಕೀಸರ್ ಇರುವುದು ಮಿನರಲ್ ಕೌಂಟಿಯಲ್ಲಿ. ತಾಲೂಕು ಒಡೆದ ಮೇಲೆ ಹಳೆಯ ಪಹಣಿ ಹುಡುಕಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಗೇಟ್ಸ್ ಪೂರ್ವಜರೆಲ್ಲ ಗುಲಾಮರೇ ಆಗಿದ್ದರಾ?

ಇಲ್ಲ, ಈ ಮನೆತನದ ವಿಶೇಷವೇ ಅದು. ಅಂತರ್ಯುದ್ಧಕ್ಕೂ ಎಷ್ಟೋ ದಶಕ ಮೊದಲೇ ಸ್ವತಂತ್ರರಾಗಿದ್ದ ಪೂರ್ವಜರ ಗುಂಪುಗಳೇ ಅವರಿಗಿವೆ, ಅದೂ ತಾವು ಬೆಳೆದ ಬೆಟ್ಟಗಳ ಸುತ್ತಮುತ್ತಲೇ. ಮುಖ್ಯವಾದವರು ಜಾನ್ ರೆಡ್‌ಮನ್. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1778ರ ಕೊನೆಯಲ್ಲಿ ವರ್ಜಿನಿಯಾದ ವಿಂಚೆಸ್ಟರ್‌ನಲ್ಲಿ ಸೈನ್ಯ ಸೇರಿದ ಸ್ವತಂತ್ರ ಕಪ್ಪು ಮನುಷ್ಯ. ಇನ್ನೊಂದು ಜೋಡಿ ಜೋ ಮತ್ತು ಸಾರಾ ಬ್ರೂಸ್. ಹಾರ್ಡಿ ಕೌಂಟಿಯ ಅಬ್ರಹಾಂ ವ್ಯಾನ್ ಮೀಟರ್ ಎಂಬ ಒಡೆಯನ ಉಯಿಲಿನಿಂದ 1823ರ ಸುಮಾರಿಗೆ ಬಿಡುಗಡೆ ಪಡೆದು, ಜಮೀನೂ ಪಡೆದವರು. ವೆಸ್ಟ್ ವರ್ಜಿನಿಯಾದ ಮೊದಲ ಕಪ್ಪು ವಕೀಲ ಜೆ. ಆರ್. ಕ್ಲಿಫರ್ಡ್ ಕೂಡ ಗೇಟ್ಸ್ ಪೂರ್ವಜರ ಸಾಲಿನ ಬಂಧು.

ಸ್ವತಂತ್ರ ಕಪ್ಪು ಜನರಿಗೆ ದಾಖಲೆ ಜಾಸ್ತಿ ಸಿಗುತ್ತದೆ. ಅದಕ್ಕೆ ಕಾರಣ ಒಳ್ಳೆಯತನ ಅಲ್ಲ, ಅನುಮಾನ. ವರ್ಜಿನಿಯಾ 1793ರಿಂದ ಅವರನ್ನು ರಿಜಿಸ್ಟರ್‌ನಲ್ಲಿ ಬರೆಸಿಕೊಳ್ಳುತ್ತಿತ್ತು: ಎತ್ತರ ಎಷ್ಟು, ಮೈಮೇಲೆ ಗಾಯದ ಗುರುತು ಎಲ್ಲಿ, ಬಿಡುಗಡೆ ಹೇಗೆ ಆಯಿತು. 1806ರ ಕಾನೂನಿನ ಪ್ರಕಾರ ಬಿಡುಗಡೆಯಾದವರು ಹನ್ನೆರಡು ತಿಂಗಳಲ್ಲಿ ರಾಜ್ಯ ಬಿಡಬೇಕಿತ್ತು. ‘ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಇರಲು ಬಿಡಿ’ ಎಂದು ಶಾಸನಸಭೆಗೆ ಕೊಟ್ಟ ಅರ್ಜಿಗಳು ರಿಚ್‌ಮಂಡ್‌ನಲ್ಲಿವೆ. ಹೆದರಿಸಲು ಇಟ್ಟ ಪುಸ್ತಕಗಳೇ ಇವತ್ತು ಮೊಮ್ಮಕ್ಕಳ ಕೈಗೆ ಮುತ್ತಾತನ ಎತ್ತರ, ಮುಖದ ಗುರುತು ಕೊಡುತ್ತಿವೆ.

ಸೈನಿಕ ಅಂತ ಸಾಬೀತು ಮಾಡಿದ್ದು ಹೇಗೆ?

ಪಿಂಚಣಿ ಅರ್ಜಿಯಿಂದ. ಸ್ವಾತಂತ್ರ್ಯ ಯುದ್ಧದ ಮುದುಕ ಸೈನಿಕರು ಪಿಂಚಣಿಗಾಗಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ, ಯಾವಾಗ ಸೇರಿದೆ, ಯಾರ ಕೈಕೆಳಗಿದ್ದೆ ಅಂತ ಹೇಳಬೇಕಿತ್ತು. ಆ ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. ರೆಡ್‌ಮನ್ ಅವರದನ್ನು ಪತ್ತೆ ಮಾಡಿದವರು ಜೇನ್ ಏಲ್ಸ್ ಎಂಬ ವಂಶಾವಳಿ ಸಂಶೋಧಕಿ. ಅದರ ಆಧಾರದಲ್ಲಿ 2006ರಲ್ಲಿ ಗೇಟ್ಸ್ ಅವರನ್ನು ಆ ಯುದ್ಧದ ಸೈನಿಕರ ವಂಶಸ್ಥರ ಸಂಘ ಸದಸ್ಯರನ್ನಾಗಿ ಸೇರಿಸಿಕೊಂಡಿತು. ಆ ಸಂಘಕ್ಕೆ ಮನೆಯವರ ಮಾತು ಸಾಲದು, ಪ್ರತಿ ತಲೆಮಾರಿಗೂ ಕಾಗದ ಬೇಕು. ಹವ್ಯಾಸಿಗಳಿಗೂ ಇದು ಒಳ್ಳೆಯ ಅಳತೆಗೋಲು.

ಮನೆತನದ ಅಡ್ಡಹೆಸರು ಒಡೆಯನದ್ದೇ ಇರುತ್ತೆ ಅಂತಾರೆ. ಹಾಗಾದ್ರೆ ಸೇನಾಪತಿ ಹೊರೇಷಿಯೊ ಗೇಟ್ಸ್ ಕಡೆಯವರಾ?

ಕೆಲವರು ಕೊನೆಯ ಒಡೆಯನ ಹೆಸರು ಇಟ್ಟುಕೊಂಡರು, ಕೆಲವರು ಹಳೆಯ ಒಡೆಯನದು, ಕೆಲವರು ತಂದೆಯದು, ಕೆಲವರು ತಾವೇ ಆರಿಸಿಕೊಂಡರು. ನಿಯಮ ಅಂತೇನಿಲ್ಲ. ಸ್ವಾತಂತ್ರ್ಯ ಯುದ್ಧದ ಸೇನಾಪತಿ ಹೊರೇಷಿಯೊ ಗೇಟ್ಸ್ ಈಗಿನ ವೆಸ್ಟ್ ವರ್ಜಿನಿಯಾದ ಪೂರ್ವ ಭಾಗದಲ್ಲಿ ಜಮೀನ್ದಾರರಾಗಿದ್ದರು, ಗುಲಾಮರನ್ನೂ ಇಟ್ಟುಕೊಂಡಿದ್ದರು. 1790ರಲ್ಲಿ ನ್ಯೂಯಾರ್ಕ್‌ಗೆ ಹೊರಟರು. ಹೆಸರು ಒಂದೇ, ಪ್ರದೇಶವೂ ಹತ್ತಿರ, ಆಸೆ ಆಗುವುದು ಸಹಜ. ಎರಡರ ನಡುವೆ ಒಂದು ಕಾಗದವೂ ಇಲ್ಲದೆ ಗೆರೆ ಎಳೆದರೆ ಅದು ಕಥೆ, ವಂಶಾವಳಿ ಅಲ್ಲ.

ನಮ್ಮ ಕಡೆ ಹೆಳವರು ಬಂದು ಏಳು ತಲೆಮಾರು ಹೇಳ್ತಾರೆ. ಅಲ್ಲಿ ಅಂಥವರು ಇಲ್ವಾ?

ಮನೆ ಮನೆಗೆ ಎತ್ತಿನ ಮೇಲೆ ಬಂದು, ಮನೆತನದ ಹೆಸರುಗಳನ್ನು ಹಾಡಿ ಕಾಳು ಪಡೆಯುವ ಹೆಳವರಂಥವರು ಅಮೆರಿಕದಲ್ಲಿಲ್ಲ. ಪಶ್ಚಿಮ ಆಫ್ರಿಕದಲ್ಲಿ ವಂಶ ಹಾಡುವ ಗ್ರಿಯೋಗಳು ಇದ್ದಾರೆ. ಆದರೆ ಹಡಗಿನಲ್ಲಿ ಬಂದವರಿಗೆ ಆ ಕೊಂಡಿ ಕಡಿದುಹೋಯಿತು. ಅಮೆರಿಕದ ಕಪ್ಪು ಕುಟುಂಬಗಳಲ್ಲಿ ಆ ಕೆಲಸ ಮಾಡಿದ್ದು ಮನೆಯ ಬೈಬಲ್‌ನ ಖಾಲಿ ಹಾಳೆ ಮತ್ತು ಅಜ್ಜಿಯಂದಿರು. ಒಂದು ವ್ಯತ್ಯಾಸ ಇದೆ. ಹೆಳವರ ಪುಸ್ತಕದಲ್ಲಿ ಸಾಲು ಗಂಡಸರ ಮೂಲಕ ನಡೆಯುತ್ತದೆ. ಗೇಟ್ಸ್ ಮನೆತನ ಒಬ್ಬ ಹೆಂಗಸಿನಿಂದ ಶುರುವಾಗುತ್ತದೆ.

## ಡಿಎನ್ಎ ವಿಚಾರ

ಜೇನ್ ಮಕ್ಕಳ ತಂದೆ ಬ್ರೇಡಿ ಅಂತ ಮನೆಯಲ್ಲೇ ಹೇಳ್ತಿದ್ರಂತೆ. ಅದು ನಿಜವಾ?

ಅಲ್ಲ. ತನ್ನ ಮಕ್ಕಳಿಗೆಲ್ಲ ಒಬ್ಬನೇ ತಂದೆ ಅಂತ ಜೇನ್ ಹೇಳಿದ್ದರು, ಹೆಸರು ಮಾತ್ರ ಹೇಳಲಿಲ್ಲ. ಆತ ಸ್ಯಾಮ್ಯುಯೆಲ್ ಬ್ರೇಡಿ ಎಂಬ ಬಿಳಿಯ ಜಮೀನ್ದಾರ ಅಂತ ಕುಟುಂಬ ನಂಬಿತ್ತು. ಬ್ರೇಡಿಯ ವಂಶಸ್ಥರ ಡಿಎನ್ಎ ಜೊತೆ ಹೋಲಿಸಿದಾಗ ಹೊಂದಲಿಲ್ಲ. ತಲೆಮಾರುಗಳಿಂದ ನಂಬಿದ್ದ ಕಥೆ ಒಂದೇ ಪರೀಕ್ಷೆಗೆ ಬಿದ್ದುಹೋಯಿತು.

ಹಾಗಂತ ಮನೆಮಾತು ಪೂರ್ತಿ ಸುಳ್ಳು ಅಂತಲೂ ಅಲ್ಲ. ಬಿಳಿಯ ತಂದೆ ಅನ್ನುವುದು ಸರಿಯಾಗಿತ್ತು, ಹೆಸರು ತಪ್ಪಾಗಿತ್ತು. ಮನೆಮಾತಿನಲ್ಲಿ ಸಾಮಾನ್ಯವಾಗಿ ಕೆಡುವುದು ಹೆಸರೇ.

ಗೇಟ್ಸ್ ಐರಿಶ್ ರಾಜನ ವಂಶ ಅಂತ ಓದಿದೆ. ಏನಿದು ಹೊಸದು?

ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ. ಗೇಟ್ಸ್ ಅವರದು ಹಿಂದಕ್ಕೆ ಹೋಗಿ ಸೇರುವುದು ಜೇನ್ ಮಕ್ಕಳ ತಂದೆಗೆ. ಅದು ವಾಯವ್ಯ ಐರ್ಲೆಂಡಿನಲ್ಲಿ ತುಂಬಾ ಕಾಣುವ ಒಂದು ಬಗೆ. 2006ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ಆ ಭಾಗದ ಸುಮಾರು ಐವರು ಗಂಡಸರಲ್ಲಿ ಒಬ್ಬರಿಗೆ ಇದು ಇದೆ ಎಂದು ತೋರಿಸಿ, ಐದನೇ ಶತಮಾನದ ರಾಜ ನಿಯಲ್ ಜೊತೆ ನಂಟು ಕಲ್ಪಿಸಿದರು. ಆ ಗುರುತು ನಿಯಲ್‌ಗಿಂತಲೂ ಹಳೆಯದಿರಬೇಕು ಎಂಬ ಅಂದಾಜು ಆಮೇಲೆ ಬಂತು. ‘ರಾಜವಂಶ’ ಅನ್ನುವುದು ಊಟದ ಟೇಬಲ್ ಮಾತಿಗೆ ಚೆನ್ನ, ವಂಶದ ಮರದಲ್ಲಿ ಬರೆಯಬೇಡಿ.

ಇಲ್ಲಿ ಜನ ಎಡವುವುದು ಒಂದು ಕಡೆ. ಸಾಮಾನ್ಯವಾಗಿ ವೈ ಕ್ರೋಮೋಸೋಮೂ ಅಡ್ಡಹೆಸರೂ ಜೊತೆಯಾಗಿ ಇಳಿಯುತ್ತವೆ. ಈ ಮನೆಯಲ್ಲಿ ಹೆಸರು ಜೇನ್‌ನಿಂದ ಬಂತು, ವೈ ಇನ್ನೊಬ್ಬನಿಂದ. ಹಾಗಾಗಿ ಡಿಎನ್ಎ ಹೋಲಿಸಿ ಬಂಧುಗಳನ್ನು ತೋರಿಸುವ ವೆಬ್ ತಾಣದಲ್ಲಿ ಗೇಟ್ಸ್ ಎಂಬ ಹೆಸರಿನವರನ್ನು ಹುಡುಕಿದರೆ ಆ ತಂದೆಯ ಕಡೆಯವರು ಸಿಗುವುದಿಲ್ಲ.

ಒಂದು ಪರೀಕ್ಷೆಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಬಂದರೆ ಯಾವುದನ್ನು ನಂಬಲಿ?

ಗೇಟ್ಸ್ ಅವರಿಗೇ ಹೀಗಾಗಿದೆ. 2000ದಲ್ಲಿ ತಾಯಿಯ ಸಾಲಿನ ಪರೀಕ್ಷೆ ಮಾಡಿದವರು ಅದು ಈಜಿಪ್ಟಿನ ಕಡೆಯದು, ಬಹುಶಃ ಅದರ ದಕ್ಷಿಣದ ನೂಬಿಯಾದ್ದು ಅಂದರು. ಐದು ವರ್ಷ ಬಿಟ್ಟು ಇನ್ನೊಂದು ಕಡೆ ಮಾಡಿಸಿದರೆ ಅದು ಆಫ್ರಿಕದ್ದೇ ಅಲ್ಲ, ಯುರೋಪಿನದಿರಬೇಕು ಅಂತ ಬಂತು! ಹೋಲಿಸಲು ಇಟ್ಟುಕೊಂಡ ಮಾದರಿಗಳು ಕಡಿಮೆ ಇದ್ದರೆ, ಓದಿದ ತುಣುಕು ಚಿಕ್ಕದಿದ್ದರೆ, ಹೀಗೆ ಆಗುತ್ತದೆ. ಕಚ್ಚಾ ಫಲಿತಾಂಶ ಇಟ್ಟುಕೊಳ್ಳಿ. ಊರಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಅವರಲ್ಲಿ ಅರ್ಧದಷ್ಟು ಯುರೋಪ್ ಅಂಶ ಇದೆಯಂತೆ. ಇದು ಅಪರೂಪವಾ?

ಅಷ್ಟು ಇರುವುದು ಕಡಿಮೆ, ಸ್ವಲ್ಪ ಇರುವುದು ಸಾಮಾನ್ಯ. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಕಪ್ಪು ಅಮೆರಿಕನ್ನರ ಸರಾಸರಿ ಯುರೋಪ್ ಅಂಶ ಸುಮಾರು 24 ಶೇಕಡ. ಮೂಲನಿವಾಸಿಗಳ ಅಂಶ ಮಾತ್ರ ಶೇಕಡ 1ಕ್ಕಿಂತ ಕಡಿಮೆ. ಎಷ್ಟೋ ಕಪ್ಪು ಕುಟುಂಬಗಳಲ್ಲಿ ‘ನಮ್ಮ ಮುತ್ತಜ್ಜಿ ಚೆರೋಕಿ (ಒಂದು ಮೂಲನಿವಾಸಿ ಬುಡಕಟ್ಟು)’ ಅಂತ ಹೇಳುವುದುಂಟು. ಬಹುತೇಕರ ಡಿಎನ್ಎಯಲ್ಲಿ ಆ ಮುತ್ತಜ್ಜಿ ಕಾಣುವುದಿಲ್ಲ. ನೀಳ ಕೂದಲಿಗೆ ಆ ಕಥೆ ಹೇಳುವುದು, ಒಡೆಯ ಮಾಡಿದ್ದನ್ನು ಹೇಳುವುದಕ್ಕಿಂತ ಸುಲಭವಾಗಿತ್ತು ಅಂತ ನನ್ನ ಅನಿಸಿಕೆ.

ಹೆಸರು ಗೊತ್ತಿಲ್ಲದ ಪೂರ್ವಜನನ್ನು ಡಿಎನ್ಎಯಿಂದ ಹಿಡಿಯೋದು ಹೇಗೆ?

ಮುತ್ತಾತನ ತಂದೆಯಿಂದ ನಿಮಗೆ ಬಂದಿರುವುದು ಸರಾಸರಿ ಶೇಕಡ 6ರಷ್ಟು. ಅದೇ ತುಣುಕುಗಳು ಇನ್ಯಾರಲ್ಲಿ ಇವೆ ಅಂತ ತಾಣಗಳ ಪಟ್ಟಿಯಲ್ಲಿ ನೋಡಬೇಕು. ಗುರುತಿರುವ ಬಂಧುಗಳನ್ನು ಬದಿಗಿಟ್ಟು, ಉಳಿದ ಅಪರಿಚಿತರ ಮರಗಳನ್ನು ಕಟ್ಟುತ್ತಾ ಹೋಗಬೇಕು. ಅವರೆಲ್ಲ ಒಂದೇ ಗಂಡ ಹೆಂಡತಿಯಲ್ಲಿ ಕೂಡಿದರೆ, ಆ ಜೋಡಿಯ ಗಂಡು ಮಕ್ಕಳಲ್ಲಿ ಯಾರು ಆ ಕಾಲಕ್ಕೆ ಆ ಊರಲ್ಲಿದ್ದರು ಅಂತ ಕಾಗದದಲ್ಲಿ ಹುಡುಕಬೇಕು. ಮನೆಯ ಹಿರಿಯರನ್ನು ಮೊದಲು ಪರೀಕ್ಷೆ ಮಾಡಿಸಿ, ಅವರಲ್ಲಿ ಹಳೆಯ ತುಣುಕು ಜಾಸ್ತಿ ಉಳಿದಿರುತ್ತದೆ. ಅದೇ ಮುತ್ತಾತನ ತಂದೆ ತಾಯಿಯಿಂದ ಬೇರೆ ಕವಲಾಗಿ ಬಂದ, ನಿಮ್ಮದೇ ತಲೆಮಾರಿನ ದಾಯಾದಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ಜೊತೆ ಏನೂ ಹೊಂದದೇ ಇರಬಹುದು. ಹೊಂದಲಿಲ್ಲ ಅಂದ ಮಾತ್ರಕ್ಕೆ ಬಂಧು ಅಲ್ಲ ಅಂತ ಅಲ್ಲ.

ಆನ್‌ಲೈನ್‌ನಲ್ಲಿ ಗೇಟ್ಸ್ ಅವರ ಪೂರ್ತಿ ಮರವೇ ಸಿಕ್ತು. ಹಾಗೇ ನಕಲು ಮಾಡಿಕೊಳ್ಳಲಾ?

ಸುಳಿವು ಅಂತ ಓದಿ, ಸಾಕ್ಷಿ ಅಂತ ಅಲ್ಲ. ಇಂಥ ಮರಗಳಲ್ಲಿ ಜೇನ್ ಹುಟ್ಟಿದ ವರ್ಷವೇ ಒಂದೊಂದರಲ್ಲಿ ಒಂದೊಂದು ಇರುತ್ತದೆ. ಗುಲಾಮರಿಗೆ ಜನನ ಪತ್ರ ಯಾರು ಬರೆದಿದ್ದರು? ‘1814ರಿಂದ 1819ರ ನಡುವೆ’ ಅಂತ ಬರೆದರೆ ಏನೂ ಕಡಿಮೆಯಾಗಲ್ಲ. ಬ್ರೇಡಿಯನ್ನು ತಂದೆಯ ಜಾಗದಲ್ಲಿ ಇಟ್ಟಿರುವ ಮರ ಕಂಡರೆ ಅದು ಹಳೆಯ ನಕಲು ಅಂತ ತಿಳಿಯಿರಿ. ಈಗ ಬದುಕಿರುವವರ ಹೆಸರು, ವಿಳಾಸ, ಹುಟ್ಟಿದ ದಿನವನ್ನು ನಿಮ್ಮ ಮರದಲ್ಲಿ ಬಹಿರಂಗವಾಗಿ ಹಾಕಬೇಡಿ. ಅವರು ಪ್ರಸಿದ್ಧರ ಸಂಬಂಧಿಕರಾದರೂ ಅಷ್ಟೇ.